ಲೀಲಾಬಾಯಿಯವರ ಐದು ಕಮಾನಿನ ಝಾಲರ

ನಮ್ಮ ಅತ್ತೆ ಲೀಲಾಬಾಯಿಯವರ ಬಗ್ಗೆ ನಾನು ಏನು ಬೇಕಾದರೂ ಅನ್ನಬಹುದು. ಇಪ್ಪತ್ತೆರಡು ವರ್ಷ ಒಂದೇ ಅಡುಗೆಮನೆಯಲ್ಲಿ ಅವರ ಕಣ್ಣೆದುರು ಒಗ್ಗರಣೆ ಹಾಕಿದ್ದೇನೆ, ಅಷ್ಟು ಹಕ್ಕು ನನಗಿದೆ. ನೀವು ಅಂದರೆ ಮಾತ್ರ ನಾನು ಸುಮ್ಮನೆ ಕೇಳಿಕೊಂಡು ಕೂರುವವಳಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದೆ ತಕರಾರಿರುವುದಿಲ್ಲ.

ಅತ್ತೆಯವರಿಗೆ ಈಗ ಎಪ್ಪತ್ತೆರಡು. ಸೇಡಂನಲ್ಲಿ ಮೂವತ್ತು ವರ್ಷ ಹೆಣ್ಣುಮಕ್ಕಳಿಗೆ ಗಣಿತ ಮತ್ತು ಹೊಲಿಗೆ ಕಲಿಸಿದವರು. ಊರಿನ ಅರ್ಧ ಹೆಂಗಸರು ಅವರ ಕೈಯ ಏಟು ತಿಂದವರು. ಸಂತೆಗೆ ಅವರ ಜೊತೆ ಹೋದರೆ ಬದನೆಕಾಯಿ ಮಾರುವವಳು ಎದ್ದು ನಿಂತು ಎರಡು ಕಾಯಿ ಹೆಚ್ಚಿಗೆ ಹಾಕುತ್ತಾಳೆ. ಇವರು ಹಿಗ್ಗುತ್ತಾರೆಯೇ? ಇಲ್ಲ. "ಹದಿನೇಳರ ಮಗ್ಗಿ ಬಂತೇನು ನಿನಗ?" ಎಂದು ಕೇಳಿಯೇ ಮುಂದಕ್ಕೆ ಹೋಗುವುದು.

ಇನ್ನು ಅವರ ಮಡಿ. ಬೆಳಿಗ್ಗೆ ಐದಕ್ಕೆ ಮೈಮೇಲೆ ನೀರು ಸುರಿದುಕೊಂಡು ಮಡಿಯುಟ್ಟರೆಂದರೆ ನೈವೇದ್ಯ ಮುಗಿಯುವವರೆಗೆ ಅವರನ್ನು ಯಾರೂ ಮುಟ್ಟುವಂತಿಲ್ಲ. ಅವರ ದೇವರ ಮನೆಗೆ ಮಡಿಯಿಲ್ಲದ ಯಾವ ಜೀವವೂ ಕಾಲಿಡುವಂತಿಲ್ಲ. ಹೆತ್ತ ಮಗ, ಅಂದರೆ ನನ್ನ ಗಂಡ, ಪ್ಯಾಂಟು ಹಾಕಿಕೊಂಡಿದ್ದರೆ ಹೊಸ್ತಿಲ ಹೊರಗಿಂದಲೇ ಕೈಮುಗಿದು ಆಫೀಸಿಗೆ ಹೋಗಬೇಕು. ಬೆಕ್ಕಿಗೊಂದು ವಿನಾಯಿತಿ ಇದೆ. ಅದು ಹೇಳಿದ ಮಾತು ಕೇಳುವುದಿಲ್ಲ ಎಂಬುದೇ ಅದಕ್ಕೆ ಕಾರಣ.

ಹೋದ ಬೇಸಿಗೆಯಲ್ಲಿ ಹಿಂದಿನ ಮನೆಯವರು ತಮ್ಮ ಬೇವಿನ ಮರ ಕಡಿಸಿದರು. ಅಲ್ಲಿಂದ ಶುರುವಾಯಿತು ಎಲ್ಲ. ನಮ್ಮ ದೇವರ ಮನೆಯ ಕಿಟಕಿ ಪಶ್ಚಿಮಕ್ಕಿದೆ. ಮರ ಹೋದದ್ದೇ ತಡ, ಮಧ್ಯಾಹ್ನ ಎರಡಾಯಿತೆಂದರೆ ಬಿಸಿಲು ನೇರ ಬಂದು ಮಂಟಪದ ಕೃಷ್ಣನ ನೆತ್ತಿಗೆ ಬಡಿಯತೊಡಗಿತು. ಅತ್ತೆಯವರಿಗೆ ಊಟ ಸೇರದಂತಾಯಿತು.

"ದೇವರಿಗೆ ಬಿಸಲಾ ಬಡೀಲಿಕತ್ತದ. ಗಂಧ ಸೈತ ಒಣಗಿ ಉದರತದ," ಎಂದು ಒಂದೇ ಸಮ ಹಲುಬಿದರು.

ಮಾವನವರು ವಿಠ್ಠಲರಾಯರು ಅಂಚೆ ಕಚೇರಿಯಲ್ಲಿದ್ದು ನಿವೃತ್ತರಾದವರು; ಈಗ ಕಟ್ಟೆಯ ಮೇಲೆ ಪೇಪರು ಹಿಡಿದು ಕೂತರೆ ಊಟಕ್ಕೇ ಏಳುವುದು. ಅವರು ಪೇಪರಿನ ಹಿಂದಿನಿಂದಲೇ ಅಂದರು: "ಅವಾ ಸೂರ್ಯನಾರಾಯಣ ಇದ್ದಾನ. ತನ್ನ ಬಿಸಲಾ ತನಗೇ ಬಡೀತದೇನು?"

"ನೀವು ಅಡಿಗಿ ಮನ್ಯಾಗ ಒಲಿ ಮುಂದ ಒಂದು ತಾಸು ಕುಂದ್ರಿ. ಆಮ್ಯಾಲೆ ವೇದಾಂತ ಹೇಳ್ರಿ," ಎಂದರು ಅತ್ತೆ. ಮಾವನವರು ಪೇಪರಿನ ಮುಂದಿನ ಹಾಳೆಗೆ ಹೋದರು.

ಒಂದು ಪರದೆ ಕಟ್ಟೋಣ ಎಂದು ನಾನು ಸಲಹೆ ಕೊಟ್ಟೆ. ಅತ್ತೆ ನನ್ನನ್ನು ನೋಡಿದ ರೀತಿಗೆ ತರಗತಿಯಲ್ಲಿ ಎದ್ದು ತಪ್ಪು ಉತ್ತರ ಕೊಟ್ಟ ಹಾಗಾಯಿತು. "ಪರದಾ ಗಾಳಿಗೆ ಹಾರತದ, ಬಂದು ಮೈಗೆ ತಗಲತದ. ನಾ ಮಡೀಲಿಂದ ಇರ್ತೀನಿ. ಪರದಾ ಬ್ಯಾಡ, ಝಾಲರ ಬೇಕು. ಕಿಡಕಿ ನೆತ್ತಿ ಮ್ಯಾಲೆ ಒಂದು ಗೇಣು ಇಳದಿರ್ತದ, ಬಿಸಲಾ ತಡೀತದ, ಯಾರನ್ನೂ ಮುಟ್ಟಂಗಿಲ್ಲ, ತನ್ನ ಪಾಡಿಗೆ ತಾ ಮ್ಯಾಲೆ ಇರ್ತದ."

ಮನೆಯ ಹಿರಿಯರೂ ಹಾಗಿದ್ದರೆ ಎಷ್ಟು ಚೆನ್ನ ಎಂದು ನನಗೆ ಅನ್ನಿಸಿತು. ಅನ್ನಿಸಿದ್ದನ್ನೆಲ್ಲ ಅನ್ನುವ ಸೊಸೆ ನಾನಲ್ಲ.

ಝಾಲರ ಎಂದ ಮೇಲೆ ಎಂಥ ಝಾಲರ ಎಂಬ ಪ್ರಶ್ನೆ. ಚೈತ್ರಗೌರಿಯ ಅರಿಶಿನ ಕುಂಕುಮದ ತಿಂಗಳದು. ಪಾನಕ ಕೋಸಂಬರಿಗೆ ಕರೆದವರ ಮನೆಗಳಿಗೆಲ್ಲ ಹೋಗಲೇಬೇಕು, ಹೆಂಗಸರಿಗೆ ಬಸ್ಸೂ ಪುಕ್ಕಟೆ. ಪ್ರತಿ ವರ್ಷ ಮೊಣಕಾಲು ನೋವೆಂದು ಮಗ್ಗುಲ ಓಣಿಗೂ ಹೋಗದವರು ಆ ವರ್ಷ ನನ್ನನ್ನು ಭಾನುವಾರಕ್ಕೊಂದು ಊರಿನಂತೆ ತಿರುಗಿಸಿದರು. ಹೋದ ಮನೆಯಲ್ಲಿ ಗೌರಿಯನ್ನು ಆಮೇಲೆ ನೋಡುವುದು, ಮೊದಲು ಕಿಟಕಿ.

ಶಹಾಬಾದಿನ ಅವರ ತಂಗಿಯ ಮನೆಯಲ್ಲಿ ನೀಲಿ ಬಟ್ಟೆಯ, ಅಗಲ ನಿರಿಗೆಯ ಝಾಲರ. "ಸಾಲಿ ಹುಡುಗಿ ಸ್ಕರ್ಟು ಕಿಡಕಿಗೆ ಉಡಿಸಿದಂಗ ಅದ. ಘಂಟಿ ಹೊಡದ್ರ ಎದ್ದು ಪ್ರಾರ್ಥನಾಕ್ಕ ಹೋಗ್ತದ," ಎಂದರು. ತಂಗಿ ಮುಖ ಊದಿಸಿಕೊಂಡಳು. ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಸಂಬಂಧಿಕರ ಹುಡುಗಿಯೊಬ್ಬಳು ಸ್ಯಾಟಿನ್ನನ್ನು ಸುಕ್ಕು ಸುಕ್ಕಾಗಿಸಿ ಸಣ್ಣ ಸಣ್ಣ ಚುಣ್ಣಿ ಹಿಡಿಸಿದ ಝಾಲರ ಹಾಕಿಸಿದ್ದಳು, ಪಾಪ, ಬಹಳ ಆಸೆಯಿಂದ. ಅತ್ತೆ ಎದ್ದು ಹೋಗಿ ಬೆರಳಿನಿಂದ ಒಂದೇ ಒಂದು ಚುಣ್ಣಿಯನ್ನು ತಟ್ಟಿದರು. ಇಳಿದ ಧೂಳಿಗೆ ನಾವು ಪಾನಕದ ಲೋಟಕ್ಕೆ ಕೈ ಮುಚ್ಚಿಕೊಂಡೆವು. "ಇದಕ್ಕ ನೀರು ಹಾಕಿ ಕಲಿಸಿದ್ರ ಬಾಗಲಿಗೆ ಒಂದು ಮೆಟ್ಟಲಾ ಕಟ್ಟಬಹುದು," ಎಂದರು.

ಚಿತ್ತಾಪುರದಲ್ಲಿ ಮಾತ್ರ ನಾನು ನಕ್ಕುಬಿಟ್ಟೆ. ಆ ಮನೆಯವರದು ಮಡಿಕೆ ಮಡಿಕೆಯಾಗಿ ಜೋಲುವ, ತುದಿಗೆ ಜರಿಯ ಗೊಂಡೆ ಕಟ್ಟಿದ ಭಾರಿ ಝಾಲರ. ಅತ್ತೆ ಕೋಸಂಬರಿ ತಿನ್ನುತ್ತ ಕೇಳಿದರು: "ಮದಿವಿ ಯಾವಾಗ?"

ಮನೆಯಾಕೆ ಗಾಬರಿಯಾದಳು. "ಯಾರದ್ರಿ?"

"ಕಿಡಕೀದು."

ನಗು ಚಿಂಚೋಳಿಯವರೆಗೆ ಉಳಿಯಲಿಲ್ಲ, ಯಾಕೆಂದರೆ ಅದು ನನ್ನ ತವರು. ನಮ್ಮವ್ವನ ಮನೆಯ ಕಿಟಕಿಗಳಿಗೆ ಝಾಲರವೂ ಇಲ್ಲ, ಪರದೆಯೂ ಇಲ್ಲ, ಗಾಳಿ ಬೇಕಾದರೆ ತೆಗೆಯುವುದು, ಬೇಡವಾದರೆ ಮುಚ್ಚುವುದು. ಅತ್ತೆ ಎಲ್ಲವನ್ನೂ ನೋಡಿ, "ಹುಬ್ಬಿಲ್ಲದ ಮಾರಿ ಆಗ್ಯಾವ ನಿಮ್ಮ ಕಿಡಕಿ," ಎಂದರು. ಮರಳಿ ಬರುವ ಬಸ್ಸಿನಲ್ಲಿ ಸೇಡಂ ಬರುವತನಕ ನಾನು ಅವರ ಜೊತೆ ಮಾತಾಡಲಿಲ್ಲ. ಅವರಿಗದು ಗೊತ್ತಾಗಲೂ ಇಲ್ಲ. ಅವರು ಮಡಿಲಲ್ಲಿ ಬೆರಳಿನಿಂದ ಏನೋ ಗೆರೆ ಎಳೆಯುತ್ತಿದ್ದರು.

ಆ ಗೆರೆಯೇ ಕಮಾನು. ಝಾಲರದ ಕೆಳಗಿನ ಅಂಚು ಕಮಾನು ಕಮಾನಾಗಿ ಕತ್ತರಿಸಿ ಬರಬೇಕು. ಚುಣ್ಣಿ ಬೇಡ, ನಿರಿಗೆ ಬೇಡ, ಗೊಂಡೆ ಬೇಡ. "ಮೂರು ಹಾಕಿದ್ರ ಭಾಳ ಅಗಲ. ನಾಕು ಹಾಕಿದ್ರ ನಡುವ ಸಂದು ಬರ್ತದ, ದೇವರ ನೆತ್ತಿ ಮ್ಯಾಲೆ ಸಂದು ಬರಬಾರದು. ಐದು. ನಡುವಿನ ಕಮಾನು ಕರೆಕ್ಟ ಕೃಷ್ಣನ ಮ್ಯಾಲೆ ಕೂಡಬೇಕು." ಬಟ್ಟೆ ರೇಷ್ಮೆಯೇ ಆಗಬೇಕು, ಹತ್ತಿಯಾದರೆ ಮೈಲಿಗೆಯಾಗುತ್ತದೆ. ಟ್ರಂಕಿನ ತಳದಿಂದ ತಮ್ಮ ಮದುವೆಯ ಕುಂಕುಮ ಬಣ್ಣದ ಪತ್ತಲ ತೆಗೆದರು. ಸೆರಗು ಪಿಸಿದುಹೋಗಿತ್ತು, ಒಡಲು ಗಟ್ಟಿಯಿತ್ತು. ಇದ್ದದ್ದು ಅದೊಂದೇ. ಅದನ್ನು ಮಡಿಲಲ್ಲಿ ಹಾಕಿಕೊಂಡು ಅಂಚನ್ನು ಬೆರಳಿನಿಂದ ಸವರುತ್ತ ಕೂತರು. ನಾನು ಒಳಗೆ ಹೋಗಿ ಪಾತ್ರೆ ಸಪ್ಪಳ ಮಾಡಿದೆ.

ಹೊಲಿಯುವವರು ಯಾರು ಎಂಬುದರಲ್ಲಿ ಪ್ರಶ್ನೆಯೇ ಇರಲಿಲ್ಲ. ಸುಗರಾಬಿ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಎರಡು ಮಶೀನು ಇಟ್ಟುಕೊಂಡಿದ್ದಾಳೆ. ಐವತ್ತರ ಹತ್ತಿರದ ಗಟ್ಟಿ ಹೆಂಗಸು, ಮಾತೂ ಗಟ್ಟಿ. ಊರಿನ ಪರದೆ, ಸೋಫಾ ಕವರು, ಝಾಲರಗಳಲ್ಲಿ ಮುಕ್ಕಾಲು ಅವಳ ಕೈಯವು. ಅವಳದೊಂದು ಪದ್ಧತಿ: ಮನೆಗೆ ಬರುತ್ತಾಳೆ, ಕಿಟಕಿಯ ಎದುರು ಕೂರುತ್ತಾಳೆ, ಒಂದು ಕಪ್ಪು ಚಹಾ ಮುಗಿಯುವತನಕ ಕಿಟಕಿಯನ್ನೇ ನೋಡುತ್ತಾಳೆ. ಆಮೇಲೆ ಟೇಪು, ಆಮೇಲೆ ಕತ್ತರಿ. ಕಿಟಕಿ ನೋಡದೆ ಹೊಲಿಯುವುದು ರೋಗಿಯನ್ನು ನೋಡದೆ ಔಷಧ ಕೊಟ್ಟ ಹಾಗೆ ಎನ್ನುತ್ತಾಳೆ.

ಸಮಸ್ಯೆ ಏನೆಂದು ನಿಮಗೀಗ ಹೊಳೆದಿರಬೇಕು. ಮಗನನ್ನೇ ಹೊಸ್ತಿಲ ಹೊರಗೆ ನಿಲ್ಲಿಸುವ ಮನೆಯಲ್ಲಿ ಸುಗರಾಬಿ ದೇವರ ಮನೆಯ ಕಿಟಕಿಯನ್ನು ನೋಡುವುದು ಹೇಗೆ? ಅದು ಹೊಸ್ತಿಲಿಂದ ಪೂರ್ತಿ ಕಾಣದು, ಒಳಗಿನ ಮೂಲೆಯಲ್ಲಿದೆ. ಹೊರಗಿನ ಸಂದಿಯಿಂದ ನೋಡಿದರೆ ಪ್ರಯೋಜನವಿಲ್ಲ, ಮೊಳದಪ್ಪದ ಕಲ್ಲುಗೋಡೆ, ಹೊರಗೆ ಸಣ್ಣದಾಗಿರುವ ಕಿಟಕಿ ಒಳಗೆ ಅಗಲವಾಗುತ್ತ ಹೋಗುತ್ತದೆ. ನಾನು ಮಡಿಯಲ್ಲಿ ಟೇಪು ಒಯ್ದು ಅಳೆಯುತ್ತೇನೆ ಎಂದೆ. "ಆ ಟೇಪು ಎಲ್ಲೆಲ್ಲಿ ಯಾರ್ಯಾರ ಸೊಂಟ ಸುತ್ತಿ ಬಂದದ್ದೋ, ದೇವರ ಕಿಡಕಿಗೆ ಹಿಡೀತೀಯೇನು?" ಎಂದರು ಅತ್ತೆ. ಶಾಲೆಗೆ ಹೋಗುವ ನನ್ನ ಮಗನ ಕಂಪಾಸಿನ ಸ್ಟೀಲ್ ಪಟ್ಟಿಯನ್ನು ತೊಳೆದು ಒಯ್ಯಬಹುದಿತ್ತು. ಆಗ ನನಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಹೇಳುತ್ತಿದ್ದೆನೋ ಇಲ್ಲವೋ, ಚಿಂಚೋಳಿಯ ಸಿಟ್ಟು ಇನ್ನೂ ಇತ್ತು.

ಅತ್ತೆ ತಾವೇ ಮಡಿಯಲ್ಲಿ ಸ್ಟೂಲು ಹತ್ತಿ ಗೇಣಿನಿಂದ ಅಳೆದರು. ಆರು ಗೇಣು, ಮೇಲೆ ಮೂರು ಬೆರಳು. ಆ ಲೆಕ್ಕವನ್ನೂ ಪತ್ತಲವನ್ನೂ ತೆಗೆದುಕೊಂಡು ನಾನು ಸುಗರಾಬಿಯ ಮನೆಗೆ ಹೋದೆ. ಹೋಗುವಾಗ ದಾರಿಯುದ್ದಕ್ಕೂ ನನಗೆ ನಾಚಿಕೆ. ಹೇಗೆ ಹೇಳುವುದು, ನಿನ್ನನ್ನು ಒಳಗೆ ಬಿಡುವುದಿಲ್ಲ ಎಂದು? ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವಳು ಗಟ್ಟಿಯಾಗಿ ನಕ್ಕಳು. "ಹೊಟ್ಟೀಲಿ ಹುಟ್ಟಿದ ಮಗನಿಗೇ ಬಿಡಂಗಿಲ್ಲ ಅಂದ್ರ ನಾ ಯಾಕ ಬ್ಯಾಸರ ಮಾಡ್ಕೊಳ್ಲಿ ವೈನಿ? ನನ್ನ ಚಿಂತಿ ಬ್ಯಾರೆ ಅದ." ಮಶೀನಿನ ಚಕ್ರ ತಿರುಗದಂತೆ ಕೈಯಿಂದ ಹಿಡಿದಳು. "ನಾ ಅಕ್ಕೋರ ಕೈಯಾಗ ಏಳನೇತ್ತ ತನಕ ಕಲ್ತವ್ಳು. ಸೂಜಿ ಹಿಡ್ಯಾದು ಕಲಿಸಿದವ್ರು ಅವ್ರು. ಊರಾಗ ಎಲ್ಲಾರೂ ಸುಗರಾನ ಕೈ ಛಲೋ ಅಂತಾರ, ಖರೆ. ಅಕ್ಕೋರು ಒಂದ ದಿನ ಅಂದಿಲ್ಲ. ಇವತ್ತ ಅವ್ರ ಮದಿವಿ ಸೀರಿ ನನ್ನ ಕೈಯಾಗ ಕೊಟ್ಟಾರ. ಇದು ಸೊಟ್ಟ ಆಯ್ತಂದ್ರ ನಾ ಹ್ಯಾಂಗ ಮಾರಿ ತೋರಿಸ್ಲಿ?"

ನಾನು ಹೊಸ್ತಿಲಿಂದ ಕೈಚಾಚಿ ಮೊಬೈಲಿನಲ್ಲಿ ತೆಗೆದ ಫೋಟೋ ತೋರಿಸಿದೆ. ಅದರಲ್ಲಿ ಅರ್ಧ ಕಿಟಕಿ, ಅರ್ಧ ಗಂಟೆ, ಒಂದು ಮೂಲೆಯಲ್ಲಿ ಬೆಕ್ಕು. "ಫೋಟೋದಾಗ ಎಲ್ಲಾ ಹುಡುಗ್ಯಾರೂ ಛಲೋ ಕಾಣ್ತಾರ್ರಿ," ಎಂದು ಮೊಬೈಲು ಮರಳಿ ಕೊಟ್ಟಳು.

ಎಂಟು ದಿನಕ್ಕೆ ಝಾಲರ ಬಂತು. ಏನು ಕಮಾನು, ಏನು ಅಂಚು! ಅತ್ತೆ ಅದಕ್ಕೆ ನೀರು ಚಿಮುಕಿಸಿ ಒಳಗೆ ಒಯ್ದರು, ನಾನು ಮಡಿಯುಟ್ಟು ಸ್ಟೂಲು ಹತ್ತಿದೆ. ಕಟ್ಟಿ ನೋಡಿದರೆ ಒಂದು ಕಮಾನು ಪೂರ್ತಿ ಕಿಟಕಿಯಾಚೆ ಗೋಡೆಯ ಮೇಲೆ ಜೋತುಬಿದ್ದಿದೆ. ಗೇಣು ಎಂದರೆ ಗೇಣು ಎಂದು ಇಬ್ಬರೂ ತಿಳಿದಿದ್ದರು. ಅಳೆದದ್ದು ಅತ್ತೆಯವರ ಗೇಣು, ಕತ್ತರಿಸಿದ್ದು ಸುಗರಾಬಿಯ ಗೇಣು. ಗಣಿತ ಕಲಿಸಿದವರೂ ಕಲಿತವರೂ ಕೂಡಿ ಮಾಡಿದ ತಪ್ಪು ಇದು. ಮಾವನವರು ಕಟ್ಟೆಯಿಂದಲೇ, "ಮಿಕ್ಕಿದ್ದು ನನಗ ಟಾವೆಲ್ ಮಾಡಸ್ರಿ," ಎಂದರು.

ಸಂಜೆ ಸುಗರಾಬಿ ಬಂದಳು. ಅತ್ತೆ ಮಡಿ ಬಿಟ್ಟು ಪಡಸಾಲೆಯಲ್ಲಿ ಕೂತಿದ್ದರು. ಅವಳು ನೆಲದ ಮೇಲೆ ಪೇಪರು ಹಾಸಿ, "ಕೈ ಇಡ್ರಿ ಅಕ್ಕೋರ, ಗೇಣು ಚಾಚ್ರಿ," ಎಂದಳು. ಅತ್ತೆ ಇಟ್ಟರು. ಸುಗರಾಬಿ ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಸುತ್ತ ಚಾಕಿನಿಂದ ಗೆರೆ ಎಳೆದಳು. ಎಳೆದು ಆ ಕೈಯನ್ನೇ ನೋಡುತ್ತ ಕೂತಳು.

"ಏನ ನೋಡ್ತೀ?"

"ಇಷ್ಟ ಸಣ್ಣ ಕೈ ಏನ್ರಿ ನಿಮ್ದು? ಬೆನ್ನ ಮ್ಯಾಲೆ ಬೀಳಾಗ ಒಂದು ಮೊಳ ಇತ್ತು."

ಅತ್ತೆ ನಗಬಾರದೆಂದು ಬಹಳ ಪ್ರಯತ್ನಪಟ್ಟರು. ಆಗಲಿಲ್ಲ. ನಾನು ಮದುವೆಯಾಗಿ ಬಂದ ಮೇಲೆ ಅವರು ಹಾಗೆ ನಕ್ಕದ್ದನ್ನು ಎಣಿಸಿ ಹೇಳಬಹುದು.

ಎರಡನೇ ಸಲ ಅಗಲ ಕೂದಲೆಳೆಯಷ್ಟೂ ತಪ್ಪಲಿಲ್ಲ. ಆದರೆ ಕಟ್ಟಿ ಕೆಳಗಿಳಿದು ನೋಡಿದರೆ ಝಾಲರ ಬಲಕ್ಕೆ ವಾಲಿದೆ. ಬಿಚ್ಚಿ ಕಟ್ಟಿದೆ, ಮತ್ತೆ ಬಿಚ್ಚಿ ಕಟ್ಟಿದೆ. ಎಷ್ಟು ಸಲ ಕಟ್ಟಿದರೂ ಐದೂ ಕಮಾನುಗಳು ಸಾಲಾಗಿ ಬಲಕ್ಕೆ ಇಳಿಯುತ್ತವೆ. ನಡುವಿನ ಕಮಾನೋ, ಕೃಷ್ಣನನ್ನು ಬಿಟ್ಟು ಪಕ್ಕದ ದೀಪದ ಕಂಬಕ್ಕೆ ಛತ್ರಿ ಹಿಡಿದಿದೆ.

ಅಂದು ಸುಗರಾಬಿ ಅಂಗಳದಲ್ಲೇ ಕಾದು ನಿಂತಿದ್ದಳು. ಅತ್ತೆ ಹೊರಗೆ ಬಂದವರೇ, "ಸೊಟ್ಟ ಹೊಲದೀಯಲ್ಲ ಸುಗರಾ," ಎಂದುಬಿಟ್ಟರು.

ಅವಳ ಮುಖ ಇಳಿದುಹೋಯಿತು. ಅವಳು ಝಾಲರ ಈಸಿಕೊಂಡು, ಅಂಗಳದ ಫರಸಿಕಲ್ಲಿನ ಮೇಲೆ ಹಾಸಿ, ಮೇಲೊಂದು ದಾರ ಎಳೆದು ಹಿಡಿದಳು. ದಾರಕ್ಕೂ ಅಂಚಿಗೂ ಒಂದಿಷ್ಟೂ ವ್ಯತ್ಯಾಸವಿರಲಿಲ್ಲ.

"ಝಾಲರ ಸೊಟ್ಟ ಇಲ್ರಿ ಅಕ್ಕೋರ. ನಿಮ್ಮ ಕಿಡಕಿ ಸೊಟ್ಟ ಅದ."

"ಇವರ ಮುತ್ಯಾ ನಿಂತು ಕಟ್ಟಿಸಿದ ಮನಿ ಇದು! ನೂರು ವರ್ಷ ಆತು! ಕಿಡಕಿ ಸೊಟ್ಟ ಅಂತೀಯಾ?"

"ನೂರು ವರ್ಷ ಆಗ್ಯಾದ ಅಂತೇ ಸೊಟ್ಟ ಅದ. ನೂರು ವರ್ಷದ ಮನಶ್ಯಾ ನೆಟ್ಟಗ ನಿಲ್ತಾನೇನ್ರಿ?" ಧ್ವನಿ ಏರಿತ್ತು, ಅವಳೇ ಇಳಿಸಿಕೊಂಡಳು. "ಸೊಟ್ಟ ಇದ್ರ ಏನೂ ಚಿಂತಿಲ್ಲ, ಸೊಟ್ಟ ಕಿಡಕಿಗೂ ನೆಟ್ಟಗ ಕಾಣಂಗ ಹೊಲ್ಯಾದು ನನಗ ಬರ್ತದ. ಆದ್ರ ನೋಡಬೇಕು. ಕಣ್ಣು ಕಟ್ಟಿ ಹೊಲಿ ಅಂದ್ರ ಹ್ಯಾಂಗ? ಸೇಡಂದಾಗ ನಾ ನೋಡಲಾರದ ಕಿಡಕಿಗೆ ಹೊಲ್ದದ್ದು ಇದೊಂದೇ, ಸೊಟ್ಟ ಅನಿಸ್ಕೊಂಡದ್ದೂ ಇದೊಂದೇ. ಇನ್ನ ನನ್ನ ಕೈಲಿ ಆಗಂಗಿಲ್ರಿ. ಮಾಫ್ ಮಾಡ್ರಿ."

ಝಾಲರವನ್ನು ನಾಲ್ಕು ಮಡಿಕೆ ಮಾಡಿ ಕಟ್ಟೆಯ ಮೇಲಿಟ್ಟು ಹೋದಳು. ಚಹಾ ಕೂಡ ಕುಡಿಯಲಿಲ್ಲ.

ಎರಡು ದಿನ ಝಾಲರವನ್ನು ಯಾರೂ ಮುಟ್ಟಲಿಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತು, ಮಾವನವರು ಮಜ್ಜಿಗೆ ಬೆರೆಸಿಕೊಂಡು ಉಂಡರು. ಎರಡನೇ ದಿನ ಮಧ್ಯಾಹ್ನ ನೈವೇದ್ಯದ ಹೊತ್ತಿಗೆ ನಾನು ಎಲೆ ಕೊಡಲು ಹೋದಾಗ, ಅತ್ತೆ ದೇವರ ಮನೆಯೊಳಗೆ ಸ್ಟೂಲಿನ ಮೇಲೆ ನಿಂತಿದ್ದರು. ಕಿಟಕಿಯ ಕಲ್ಲಿನ ಮೇಲೆ ಬೆಳ್ಳಿಯ ತಟ್ಟೆಯಿಟ್ಟು ಅದರಲ್ಲಿ ನೀರು ತುಂಬಿದ್ದರು. ನೀರು ಬಲಗಡೆಯ ಅಂಚಿನಿಂದ ಹನಿಯುತ್ತಿತ್ತು, ಎಡಗಡೆ ತಟ್ಟೆಯ ತಳ ಒಣಗಿತ್ತು. ಅವರು ತಟ್ಟೆಯ ಎಡ ಅಂಚಿಗೆ ಬೆರಳು ಹಿಡಿದು ಲೆಕ್ಕ ಹಾಕಿದರು. ಬೇರೆ ಏನಾದರೂ ಇರಲಿ, ಲೆಕ್ಕಕ್ಕೆ ಮಾತ್ರ ಅವರು ಎಂದೂ ಸುಳ್ಳು ಹೇಳಿದವರಲ್ಲ. ನಾನು ಎಲೆಯನ್ನು ಹೊಸ್ತಿಲಲ್ಲಿಟ್ಟು ಸಪ್ಪಳವಿಲ್ಲದೆ ಬಂದೆ.

ಅಂದು ಊಟವಾದ ಮೇಲೆ ಸಾರಿದರು: "ನಾಳಿ ದೇವರನ್ನ ಏಳಸ್ತೀನಿ."

ಮಾವನವರು ಪೇಪರು ಕೆಳಗಿಟ್ಟರು. ಅದೇ ದೊಡ್ಡ ಸುದ್ದಿ. "ಎಲ್ಲಿಗೆ?"

"ನಡುಮನಿ ಗೂಡಿಗೆ. ಸುಣ್ಣ ಹಚ್ಚೋ ಮುಂದ ಏಳಸಂಗಿಲ್ಲೇನು? ದೇವರು ಎದ್ದಮ್ಯಾಲೆ ಅದು ಬರೇ ಖೋಲಿ. ಯಾರು ಬೇಕಾದ್ರೂ ಬರಬಹುದು."

"ಒಂದು ಝಾಲರಕ್ಕ ದೇವರನ್ನೇ ಎಬ್ಬಿಸಿದ್ಯಾ?"

"ಝಾಲರಕ್ಕಲ್ಲ," ಎಂದರು ಅತ್ತೆ.

ಸಂಜೆ ನನ್ನನ್ನು ಕರೆದುಕೊಂಡು ಸುಗರಾಬಿಯ ಮನೆಗೆ ತಾವೇ ನಡೆದರು. ಮೊಣಕಾಲು ಹಿಡಿದುಕೊಂಡು ಮೂರು ಕಡೆ ಕೂತು ಎದ್ದರು. ಅವಳು ಮಶೀನು ಬಿಟ್ಟು ಧಡಕ್ಕನೆ ಎದ್ದಳು. ಕ್ಷಮೆ ಗಿಮೆ ಕೇಳುವ ಅಭ್ಯಾಸ ನಮ್ಮ ಅತ್ತೆಯವರಿಗಿಲ್ಲ. ನಿಂತಲ್ಲೇ ಹೇಳಿದರು: "ಕಿಡಕಿ ಎರಡು ಬೆರಳು ಬಲಕ್ಕ ಇಳದದ. ನೀರಿಟ್ಟು ನೋಡೀನಿ. ನಾಳಿ ಮುಂಜಾನೆ ಒಂಬತ್ತಕ್ಕ ಬಾ. ಒಳಗ."

"ಒಳಗ ಅಂದ್ರ?"

"ಒಳಗ ಅಂದ್ರ ಒಳಗ. ಕನ್ನಡ ಮರತೀಯೇನು?"

ಬರುವಾಗ ಸುಗರಾಬಿ ನನ್ನನ್ನು ಬಾಗಿಲವರೆಗೆ ಕಳಿಸಲು ಬಂದಳು. ಮೆಲ್ಲಗೆ, "ಆಮ್ಯಾಲೆ ತೊಳೀತೀರಲ್ಲ ವೈನಿ, ಸುಣ್ಣದವ್ರು ಹೋದ ಮ್ಯಾಲೆ ತೊಳ್ದಂಗ?" ಎಂದಳು. ಹೌದು, ಸುಣ್ಣದವರು ಹೋದ ಮೇಲೆ ಮೂರು ಸಲ ನೀರು ಹಾಕಿ ತೊಳೆದು, ಗೋಮೂತ್ರ ಚಿಮುಕಿಸಿಯೇ ದೇವರು ಮರಳಿ ಕೂರುವುದು. ಸುಳ್ಳು ಹೇಳಲಾರದೆ ತಲೆಯಾಡಿಸಿದೆ. "ತೊಳೀರಿ, ತೊಳೀರಿ. ನಿಮ್ಮ ಪದ್ಧತಿ ನಿಮಗ," ಎಂದು ನಕ್ಕಳು. ನಗು ಅವಳ ಯಾವಾಗಿನ ನಗುವಾಗಿರಲಿಲ್ಲ.

ಮರುದಿನ ನಾನು ಆಫೀಸಿಗೆ ಅರ್ಧ ದಿನ ರಜೆ ಹಾಕಿದೆ. ಇಂಥ ತಮಾಷೆ ಬಿಟ್ಟು ತಾಲೂಕು ಕಚೇರಿಯಲ್ಲಿ ಫೈಲು ಹೊಲಿಯುತ್ತ ಕೂರಲೇನು? ಅತ್ತೆ ಬೆಳಿಗ್ಗೆಯೇ ದೇವರನ್ನು ಪೆಟ್ಟಿಗೆಯ ಸಮೇತ ನಡುಮನೆಯ ಗೂಡಿಗೆ ಒಯ್ದು, "ಸ್ವಲ್ಪ ಹೊತ್ತು ತಡ್ಕೋ, ನಿನಗಾಗೇ ಮಾಡಲಿಕತ್ತೀನಿ," ಎಂದು ದೇವರಿಗೂ ಜೋರು ಮಾಡಿದ್ದರು.

ಸುಗರಾಬಿ ಒಂಬತ್ತಕ್ಕೆ ಐದು ನಿಮಿಷ ಇರುವಾಗಲೇ ಬಂದಳು. ತೊಳೆದ ಬಟ್ಟೆ ಉಟ್ಟಿದ್ದಳು, ಕಾಲು ತೊಳೆದುಕೊಂಡಳು, ಹೊಸ್ತಿಲ ಹತ್ತಿರ ಬಂದು ಗಕ್ಕನೆ ನಿಂತಳು. ಊರೆಲ್ಲರ ಮನೆಗೆ ದಡದಡ ನುಗ್ಗುವವಳು. ಅತ್ತೆ ಒಳಗಿನಿಂದ, "ಹಾಜರಿ ಕರೀಬೇಕೇನು?" ಎಂದ ಮೇಲೆ ಒಳಗೆ ಬಂದಳು.

ಕಿಟಕಿಯ ಎದುರು ನೆಲದ ಮೇಲೆ ಕೂತಳು. ಟೇಪು ತೆಗೆಯಲಿಲ್ಲ. ಸುಮ್ಮನೆ ನೋಡಿದಳು. ಮೇಲಿನ ಕಲ್ಲು, ಪಕ್ಕದ ಕಲ್ಲು, ಬಿಸಿಲು ಬರುವ ದಾರಿ. ಆಮೇಲೆ, "ನಿಮ್ಮ ದೇವರು ಎಲ್ಲಿ ಕುಂದುರ್ತಾನ್ರಿ?" ಎಂದಳು. ಅತ್ತೆ ಖಾಲಿ ಮಂಟಪ ತೋರಿಸಿದರು. "ಹಂಗ ಗೊತ್ತಾಗಂಗಿಲ್ಲ. ಅವನಷ್ಟು ಎತ್ತರದ್ದು ಏನರ ಇಡ್ರಿ." ಅತ್ತೆ ಆಚೀಚೆ ನೋಡಿ ನೀರಿನ ಚೊಂಬನ್ನು ಮಂಟಪದಲ್ಲಿಟ್ಟರು. ಹೊಸ್ತಿಲಾಚೆ ನಿಂತಿದ್ದ ಮಾವನವರು ಚೊಂಬಿಗೆ ಭಕ್ತಿಯಿಂದ ಕೈಮುಗಿದರು. ಅತ್ತೆ ತಿರುಗಿ ನೋಡಿದ್ದಕ್ಕೆ ಕಟ್ಟೆಗೆ ಹೋದರು.

"ಚೊಂಬು ಕಿಡಕಿ ನಡುವಿಲ್ರಿ ಅಕ್ಕೋರ. ನಾಕು ಬೆರಳು ಎಡಕ್ಕ ಅದ. ಅದಕ್ಕೇ ಕಮಾನು ಅವನ ಮ್ಯಾಲೆ ಬರವಲ್ದು."

ಆಮೇಲೆ ನಡೆದದ್ದು ಬರೀ ಕೆಲಸ. ಸುಗರಾಬಿ ಅಲ್ಲಿಯೇ ಕೂತು ಮೇಲಂಚು ಬಿಚ್ಚಿದಳು. ಎಡಗಡೆ ಪೂರ್ತಿ ಗೇಣು ಬಿಟ್ಟು, ಬಲಕ್ಕೆ ಬರಬರುತ್ತ ಬಟ್ಟೆಯನ್ನು ಸ್ವಲ್ಪ ಸ್ವಲ್ಪ ಒಳಗೆ ಮಡಿಚಿ ಸೂಜಿ ಚುಚ್ಚಿದಳು. ಎಡಗಡೆಯ ಎರಡು ಕಮಾನನ್ನು ಎರಡೆರಡು ಬೆರಳು ಕಿರಿದು ಮಾಡಿದಳು, ಒಳಗೆ ಮಡಿಚಿಟ್ಟಿದ್ದ ಬಟ್ಟೆ ಬಿಚ್ಚಿ ಬಲಗಡೆಯ ಎರಡನ್ನು ಅಷ್ಟೇ ಅಗಲ ಮಾಡಿದಳು. ಅತ್ತೆ ಸೂಜಿಗೆ ದಾರ ಪೋಣಿಸಿ ಕೊಡುತ್ತ ಹೋದರು. ಕಣ್ಣು ಮಂಜಾಗಿದ್ದರಿಂದ ಒಂದೊಂದಕ್ಕೂ ನಾಲ್ಕು ಸಲ ತಪ್ಪುತ್ತಿತ್ತು. ಸುಗರಾಬಿ ಅವಸರ ಮಾಡದೆ ಕೈಚಾಚಿ ಕಾಯುತ್ತಿದ್ದಳು. ಹನ್ನೊಂದು ಗಂಟೆಗೆ ಸ್ಟೂಲು ಹತ್ತಿ ತಾನೇ ಕಟ್ಟಿ ಇಳಿದಳು.

ನೆಟ್ಟಗೆ! ಐದೂ ಕಮಾನು ಒಂದೇ ಗೆರೆಯಲ್ಲಿ. ನಡುವಿನದು ಚೊಂಬಿನ ನೆತ್ತಿಯ ಮೇಲೆ. ಆ ಕಿಟಕಿ ಎಂದಾದರೂ ಸೊಟ್ಟ ಇತ್ತೆಂದರೆ ನೀವು ನಂಬುವುದಿಲ್ಲ. ನನಗೆ ಕುಣಿಯುವಷ್ಟು ಸಂತೋಷವಾಯಿತು.

ಅತ್ತೆ ಕನ್ನಡಕ ಹಾಕಿಕೊಂಡು ಸ್ಟೂಲು ಹತ್ತಿದರು. ಝಾಲರದ ಅಂಚು ಮಗುಚಿ ಹಿಂದಿನ ಮಗ್ಗುಲು ನೋಡಿದರು. ಆ ತುದಿಯಿಂದ ಈ ತುದಿಗೆ. ಸುಗರಾಬಿ ಕೈಕಟ್ಟಿ ನಿಂತಿದ್ದಳು, ಥೇಟ್ ಏಳನೇ ತರಗತಿಯ ಹುಡುಗಿ.

"ಈ ಮೂಲ್ಯಾಗ ಎರಡು ಹೊಲಿಗಿ ಟಾಕಿ ದೂರ ಬಿದ್ದಾವ," ಎಂದರು.

"ಬಿಚ್ಚಿ ಹಾಕ್ತೀನ್ರಿ."

"ಇರ್ಲಿ ಬಿಡು."

ಅಷ್ಟೇ. ಛಲೋ ಅದ ಎನ್ನಲು ಏನು ಖರ್ಚಾಗುತ್ತಿತ್ತು ಎಂದು ನನಗೆ ರೇಗಿತು. ಸುಗರಾಬಿ ಸೂಜಿ ಕತ್ತರಿ ಚೀಲಕ್ಕೆ ಹಾಕಿಕೊಂಡು, ಬಿದ್ದ ದಾರದ ಚೂರುಗಳನ್ನು ಒಂದೊಂದಾಗಿ ಆರಿಸಿ ಅಂಗಳಕ್ಕೆ ಹೋದಳು. ನಾನು ಬಾವಿಯ ನೀರು ಸೇದಿ ಬಕೆಟ್ಟು ತುಂಬಿಸಿ ತಂದೆ. ನೈವೇದ್ಯಕ್ಕೆ ಹೊತ್ತಾಗುತ್ತಿತ್ತು, ಅದಕ್ಕೆ ಮೊದಲು ಮೂರು ಸಲ ತೊಳೆಯಬೇಕು. ಅವಳು ಚಪ್ಪಲಿ ಮೆಟ್ಟುತ್ತಿದ್ದಳು. ಬಕೆಟ್ಟು ಕಂಡು ಬೇಕೆಂದೇ ಮುಖ ಆಚೆ ತಿರುಗಿಸಿದಳು.

"ಪದ್ಮಶ್ರೀ, ಆ ನೀರು ಎಲ್ಲಿಗೆ?" ಎಂದರು ಅತ್ತೆ ಒಳಗಿನಿಂದ, ಅಂಗಳಕ್ಕೆ ಕೇಳುವಷ್ಟು ದೊಡ್ಡದಾಗಿ.

"ಖೋಲಿ ತೊಳೀಲಿಕ್ಕ, ಅತ್ಯಾ."

"ಬ್ಯಾಡ. ಝಾಲರ ತೊಯ್ತದ."

ಝಾಲರ ಇರುವುದು ಆಳೆತ್ತರದ ಮೇಲೆ. ತೊಳೆಯುವುದು ನೆಲ. "ಅದು ಮ್ಯಾಲೆ ಅದ ಅತ್ಯಾ, ಹ್ಯಾಂಗ ತೊಯ್ತದ?" ಎಂದು ನಾನು, ಬುದ್ಧಿಗೇಡಿ, ಕೇಳಿಯೂ ಬಿಟ್ಟೆ.

"ತೊಯ್ತದ ಅಂದ್ರ ತೊಯ್ತದ. ನಿನಗ ಆಫೀಸಿಗೆ ಹೊತ್ತಾಗಿಲ್ಲೇನು?"

ಸುಗರಾಬಿ ಚಪ್ಪಲಿಯಲ್ಲಿ ಒಂದು ಕಾಲಿಟ್ಟವಳು ಹಾಗೆಯೇ ನಿಂತಿದ್ದಳು. ಸೆರಗಿನಿಂದ ಮುಖ ಒರೆಸಿಕೊಂಡು, ಇನ್ನೊಂದು ಚಪ್ಪಲಿಯನ್ನೂ ಮೆಟ್ಟಿ ಬೇಗ ಬೇಗ ಓಣಿಗಿಳಿದಳು.

ಒಳಗೆ ಅತ್ತೆ ನಡುಮನೆಯಿಂದ ಪೆಟ್ಟಿಗೆ ತಂದು, ಅವಳು ಕೂತು ಹೊಲಿದಿದ್ದ ಆ ನೆಲದ ಮೇಲೆಯೇ ಇಳಿಸಿ, ಕೃಷ್ಣನನ್ನು ಎತ್ತಿ ನಡುವಿನ ಕಮಾನಿನ ಕೆಳಗೆ ಕೂಡಿಸಿದರು. ನಾನು ಬಕೆಟ್ಟಿನ ನೀರನ್ನು ತುಳಸಿಗೆ ಹಾಕಿ ಆಫೀಸಿಗೆ ಹೋದೆ.